ಸೀತನಿಯ ಎಂಟು ದಿನ

ಘೋಣಸಗಿಯ ಎರೆಹೊಲದಲ್ಲಿ ಕುಳಿತು ಸೀತನಿ ತಿನ್ನಬೇಕೆಂದರೆ ‘ಬರ್ರಿ’ ಅಂದ ದಿನವೇ ಹೋಗಬೇಕು. ‘ಮುಂದಿನ ವಾರ ನೋಡೂಣು’ ಎಂದವನಿಗೆ ಮುಂದಿನ ವರ್ಷವೇ ಗತಿ. ಜೋಳದ ತೆನೆಯಲ್ಲಿ ಹಾಲು ತುಂಬಿ, ಕಾಳು ಬಲಿಯುವ ಮೊದಲು ಒಂದು ಹದ ಬರುತ್ತದೆ. ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಹಿಟ್ಟೂ ಆಗಿರಬಾರದು, ಗಟ್ಟಿ ಕೆನೆಯ ಹಾಗೆ ಒಸರಬೇಕು. ಒಂದು ಹೊಲದಲ್ಲಿ ಆ ಹದ ಹೆಚ್ಚೆಂದರೆ ಎಂಟು ದಿನ ನಿಲ್ಲುತ್ತದೆ. ಆಮೇಲೆ ಕಾಳಿನ ಸಕ್ಕರೆಯೆಲ್ಲ ಪಿಷ್ಟವಾಗಿ, ಸೀ ತೆನೆ ಹೋಗಿ ಬರೀ ತೆನೆ ಉಳಿಯುತ್ತದೆ. ಸಿಹಿಗೆ ಹಳೆಯ ಕನ್ನಡ ‘ಸೀ’ ಎನ್ನುತ್ತಿತ್ತು. ಸೀ ತೆನೆಯೇ ಈ ಸೀಮೆಯ ಬಾಯಲ್ಲಿ ತೇಯ್ದು ಸೀತನಿಯಾಗಿದೆ.

ನಮ್ಮನ್ನು ಕರೆದದ್ದು ಆ ಹೊಲದ ಆಯಿ. ವಿಜಯಪುರದಿಂದ ತಿಕೋಟಾ ದಾಟಿ, ಜತ್ತದ ಗಡಿಯ ಕಡೆಗೆ ಹೋಗುವ ದಾರಿ. ಗಡಿಯಾಚೆಯ ಮರಾಠಿ ಕಿವಿಗೆ ಈ ಊರಿನ ಹೆಸರಿನಲ್ಲಿ ಹಾವು ಕೇಳಿಸುತ್ತದೆ. ಅವರಲ್ಲಿ ಘೋಣಸ್ ಎಂದರೆ ಕೊಳಕುಮಂಡಲ. ಹೊಲದಲ್ಲಿ ನಡೆಯುವಾಗ ಅದನ್ನು ನೆನಪಿಸಿಕೊಳ್ಳದಿರುವುದೇ ಲೇಸು. ಎದೆಮಟ್ಟದ ಜೋಳದ ನಡುವೆ ಕಾಲು ಎಲ್ಲಿ ಬೀಳುತ್ತದೋ ಕಾಣುವುದಿಲ್ಲ. ಎರೆ ಮಣ್ಣು ಆಗಲೇ ಬಿರುಕು ಬಿಡತೊಡಗಿರುತ್ತದೆ. ಬೆಳಗಿನ ಮಂಜಿಗೆ ಪ್ಯಾಂಟು ಮೊಣಕಾಲವರೆಗೆ ಒದ್ದೆ.

ಬದುವಿನ ಮಗ್ಗುಲಲ್ಲಿ ಒಂದು ಸಣ್ಣ ಕುಣಿ. ಅದರೊಳಗೆ ಕುಳ್ಳಿನ ಕೆಂಡ. ಉರಿ ಆಡುವಾಗ ತೆನೆ ಹಾಕುವವರು ಪಟ್ಟಣದವರು. ಆಯಿ ಉರಿಯೆಲ್ಲ ಸತ್ತು, ಬೂದಿ ಬೆಳ್ಳಗಾಗಿ, ಒಳಗೆ ಕೆಂಪು ಮಾತ್ರ ಉಸಿರಾಡುವವರೆಗೆ ಕಾಯುತ್ತಾಳೆ. ಆಮೇಲೆ ದಂಟಿನ ತುಂಡು ಉಳಿಸಿಕೊಂಡು ಮುರಿದ ತೆನೆಗಳನ್ನು ಒಂದೊಂದಾಗಿ ಒಳಗೆ ಹುಗಿದು, ದಂಟು ಹಿಡಿದು ತಿರುವುತ್ತಾಳೆ. ಮೊದಲು ಹಸಿ ಹುಲ್ಲಿನ ವಾಸನೆ, ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಒಲೆಗೆ ಬಿದ್ದಂಥ ವಾಸನೆ. ಆಗ ತೆಗೆದು, ಗೋಣಿತಟ್ಟಿನ ಮೇಲೆ ಹಾಕಿ, ಬಿಸಿ ಇರುವಾಗಲೇ ಅಂಗೈಯಿಂದ ತಿಕ್ಕಬೇಕು. ನನ್ನ ಅಂಗೈ ಎರಡು ತೆನೆಗೇ ಸೋತಿತು. ಆಯಿ ಇಪ್ಪತ್ತು ತಿಕ್ಕಿ ಮೊರದಲ್ಲಿ ಕೇರಿದಾಗ ಹೊಟ್ಟು ಗಾಳಿಗೆ ಹೋಗಿ, ಎಳೆ ಹಸಿರು ಮುತ್ತು ಮೊರದಲ್ಲಿ ಉಳಿದವು. ಅಲ್ಲಲ್ಲಿ ಒಂದೊಂದು ಕಾಳಿಗೆ ಕಪ್ಪು ಚುಕ್ಕೆ.

ಹಿಡಿ ತುಂಬ ಬಾಯಿಗೆ ಹಾಕಬೇಕು. ಒಂದೊಂದೇ ಕಾಳು ತಿಂದರೆ ಅದೇನೂ ಹೇಳುವುದಿಲ್ಲ. ಹಿಡಿಯಾಗಿ ಹೋದರೆ ಮೊದಲು ಹೊಗೆ, ಹಿಂದೆಯೇ ಹಾಲು, ಮತ್ತೆ ಹಲ್ಲಿಗೆ ಅಂಟುವಷ್ಟು ಜಿಗಿ. ಗಂಟಲಲ್ಲಿ ಇಳಿದ ಮೇಲೆ ಬರುವ ಸಿಹಿ ಬೇರೆಯೇ. ಬೆಲ್ಲದ ಹಾಗೆ ನಾಲಿಗೆಯ ತುದಿಯಲ್ಲಿ ಕೂಗಾಡದೆ, ನಾಲಿಗೆಯ ಬುಡದಲ್ಲಿ ಸುಮ್ಮನೆ ಕೂತಿರುತ್ತದೆ. ನಡುನಡುವೆ ಒಂದು ಚಿಟಿಕೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ, ಒಂದು ಗುಟುಕು ಮಜ್ಜಿಗೆ. ಮೂರನೆಯ ಹಿಡಿಗೆ ಮಾತು ನಿಂತಿತು. ನಮ್ಮ ಜೊತೆ ಬಂದಿದ್ದ ಬ್ಯಾಂಕಿನ ಅಧಿಕಾರಿ, ದಕ್ಷಿಣದ ಜಿಲ್ಲೆಯವರು, ಜೋಳವೆಂದರೆ ಮೆಕ್ಕೆಜೋಳ ಎಂದು ತಿಳಿದು ಬಂದಿದ್ದವರು, ನಾಲ್ಕನೆಯ ಹಿಡಿಗೆ ಕೈ ಚಾಚಿ ‘ಇದು ಅಂಗಡಿಯಲ್ಲಿ ಯಾಕೆ ಸಿಗೋದಿಲ್ಲ?’ ಎಂದು ಕೇಳಿದರು.

ಆಯಿ ನಕ್ಕಳು. ‘ಅಂಗಡಿಗೆ ಹೋಗೂದ್ರೊಳಗ ಇದು ಸಾಯ್ತದ್ರೀ.’

ಎಲ್ಲ ಜೋಳವೂ ಒಳ್ಳೆಯ ಸೀತನಿಯಾಗುವುದಿಲ್ಲ. ಹೊಲದ ತುಂಬ ಇದ್ದದ್ದು ಮಾಲದಂಡಿ. ಆಯಿ ತೆನೆ ಮುರಿದದ್ದು ಬಾವಿಯ ಕಡೆಯ ನಾಲ್ಕು ಸಾಲಿನಿಂದ ಮಾತ್ರ. ಅವು ಸಕ್ಕರಿ-ಮುಕ್ಕರಿ, ಸೀತನಿಗೆಂದೇ ಬಿತ್ತುವ ಸಿಹಿ ಜೋಳ. ಹಾಗೆಯೇ ನಾಗರಪಂಚಮಿಗೆ ಅಳ್ಳು ಹುರಿಯಲು ಅಳ್ಳಿನ ಜೋಳ ಬೇರೆ, ಕಡುಬಿಗೆ ಕಡುಬಿನ ಜೋಳ ಬೇರೆ. ಒಂದೊಂದು ಬಾಯಿಚಪಲಕ್ಕೆ ಒಂದೊಂದು ತಳಿಯನ್ನು ಉಳಿಸಿಕೊಂಡು ಬಂದ ಜನ ಇವರು. ಈ ನಾಲ್ಕು ಸಾಲಿಗೆ ಪೇಟೆಯಲ್ಲಿ ಧಾರಣೆಯಿಲ್ಲ, ವಿಮೆಯಿಲ್ಲ, ಬೆಂಬಲ ಬೆಲೆಯಿಲ್ಲ. ಮೊಮ್ಮಕ್ಕಳು ಬರುತ್ತಾರೆ, ಕರೆದವರು ಬರುತ್ತಾರೆ ಎಂಬುದಷ್ಟೇ ಅವು ಅಲ್ಲಿರಲು ಕಾರಣ.

ಈ ಆಯಿ ಯಾವ ಸಂಘದ ಅಧ್ಯಕ್ಷೆಯೂ ಅಲ್ಲ. ‘ಸ್ಥಳೀಯ ಆಹಾರ’ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಅವಳು ಮಾಡುವುದಿಷ್ಟೇ: ವರ್ಷಕ್ಕೊಮ್ಮೆ ಸಿಕ್ಕವರನ್ನೆಲ್ಲ ಹೊಲಕ್ಕೆ ಕರೆಯುತ್ತಾಳೆ. ಶಾಲೆಯ ಮಾಸ್ತರರು, ಬಸ್ಸಿನ ಕಂಡಕ್ಟರು, ಸಾಲ ವಸೂಲಿಗೆ ಬಂದವರು, ಯಾರಾದರೂ ಸೈ. 1986ರಲ್ಲಿ ರೋಮ್ ನಗರದ ಚೌಕವೊಂದರಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆಯುತ್ತದೆ ಎಂದಾಗ, ಮುಂದೆ ‘ಸ್ಲೋ ಫುಡ್’ ಎಂಬ ದೊಡ್ಡ ಚಳವಳಿಯಾಗಿ ಬೆಳೆದ ಕಾರ್ಲೊ ಪೆಟ್ರಿನಿಯ ಗೆಳೆಯರ ಗುಂಪು ಅಲ್ಲಿ ಪ್ರತಿಭಟಿಸಿತು. ಅಲ್ಲಿ ಅವರು ಹಂಚಿದ್ದು ಬಟ್ಟಲುಗಳಲ್ಲಿ ಬೇಯಿಸಿದ ಪಾಸ್ತಾ. ಘೋಷಣೆಗಿಂತ ಬಟ್ಟಲಿಗೆ ಬೆಲೆ ಹೆಚ್ಚು ಎಂಬ ಆ ಇಟಲಿಯವರ ಉಪಾಯ ಓದಿದಾಗ ನನಗೆ ಹೊಸತೆನಿಸಲಿಲ್ಲ. ನಮ್ಮಲ್ಲಿ ಅದಕ್ಕೆ ಎಳ್ಳಮವಾಸ್ಯೆ ಎಂಬ ಹೆಸರೇ ಇದೆ.

ಆ ದಿನದ ಊಟದ ಬಗ್ಗೆ ಬರೆಯುವಾಗ ಕೈ ತಡೆಯುವುದು ಕಷ್ಟ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿ, ಎಡೆ ಹಿಡಿದು, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಬಸುರಿ ಭೂಮಿಗೆ; ಜೋಳ ಹೊಡೆ ತುಂಬಿ ನಿಂತ ಹೊಲ ಎಂದರೆ ಬಯಕೆಯ ಹೆಂಗಸು. ಅವಳಿಗೆ ಉಣಿಸಿದ ಮೇಲೆ ನಮ್ಮ ಪಾಳಿ. ಬುಟ್ಟಿಗಳಿಂದ ಹೊರಬರುವುದು ಬಹುಪಾಲು ಈ ಹೊಲದ್ದೋ ಪಕ್ಕದ ಹೊಲದ್ದೋ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮಜ್ಜಿಗೆ ಬೆರೆಸಿದ ಜೋಳದ ಬಾನ, ಇಂಡಿಯ ಲಿಂಬೆಯ ಉಪ್ಪಿನಕಾಯಿ. ಈ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆಯಿಗೆ ಅದನ್ನು ಹೇಳಿದರೆ ‘ಮೊದಲ ಏನ್ ಗುರ್ತ ಇರ್ಲಿಲ್ಲೇನು?’ ಎಂದಳು.

ಇವುಗಳ ನಡುವೆ ಕರಿಂಡಿಗೆ ಒಂದು ಪ್ರತ್ಯೇಕ ಮಾತು ಸಲ್ಲಬೇಕು. ಅಗಸಿ, ಹಸಿಮೆಣಸಿನಕಾಯಿ ಅರೆದು, ಸೌತೆ, ಗಜ್ಜರಿಯ ಹೋಳು ಸೇರಿಸಿ, ಗಡಿಗೆಯಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟದ್ದು. ನೋಡಲು ಚೆಂದವಿಲ್ಲ, ಲೋಳೆ. ಮೂಗಿಗೆ ಹತ್ತುವ ಘಾಟು. ಮೊದಲ ಸಲ ತಿಂದವರು ಮುಖ ಕಿವುಚುತ್ತಾರೆ, ಎರಡನೆಯ ಸಲ ಬೆರಳು ನೆಕ್ಕುತ್ತಾರೆ. ಹುಳಿಸುವ ವಿದ್ಯೆಯನ್ನು ಇಂದು ದೂರದ ಕೊರಿಯಾದ ಕಿಮ್ಚಿಯ ಹೆಸರಲ್ಲಿ ಹಾಡಿ ಹೊಗಳುವ ಪಟ್ಟಣದವರ ಮುಂದೆ ಈ ಗಡಿಗೆಯನ್ನು ಇಡಬೇಕು.

ಇನ್ನು ಕಡ್ಲಿ ಪಲ್ಯ. ಕಡಲೆ ಗಿಡದ ಕುಡಿ ಚಿವುಟಿ ತಂದರೆ ಗಿಡ ಬೇಸರಪಡುವುದಿಲ್ಲ, ಟಿಸಿಲೊಡೆದು ಹೆಚ್ಚು ಕಾಯಿ ಬಿಡುತ್ತದೆ. ಕೊಟ್ಟರೆ ಹೆಚ್ಚುವ ಬೆಳೆ. ಎಲೆಯ ಮೇಲೆ ಸಣ್ಣ ರೋಮಗಳಿಂದ ಹುಳಿ ಒಸರುತ್ತದೆ. ಆದ್ದರಿಂದ ತಿಳಿದವರು ಆ ಕುಡಿಯನ್ನು ತೊಳೆಯುವುದಿಲ್ಲ, ತೊಳೆದರೆ ರುಚಿಯೆಲ್ಲ ಬಚ್ಚಲಿಗೆ. ಹಿಂದೆ ರಾತ್ರಿ ಕಡಲೆ ಹೊಲದ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಮಂಜಿನ ಜೊತೆ ಅದರಲ್ಲಿ ಇಳಿದ ಹುಳಿಯನ್ನು ಹಿಂಡಿ ಸೀಸೆಯಲ್ಲಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು. ಮಂಜನ್ನು ಹಿಂಡಿ ಔಷಧಿ ತೆಗೆದ ಜನ! ಬಯಲುಸೀಮೆ ಒರಟು ಎನ್ನುವವರು ಈ ಬಟ್ಟೆಯನ್ನು ಒಮ್ಮೆ ನೆನೆಯಬೇಕು.

ಎಲ್ಲಕ್ಕೂ ತಳದಲ್ಲಿ ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋದಿಯ ಅಂಟು ಇಲ್ಲ. ಎಸರು ನೀರಿನ ಕಾವಿಗೆ ಪಿಷ್ಟ ಬೆಂದು ಸ್ವಲ್ಪ ಜಿಗಿ ಕೊಡುತ್ತದೆ, ಉಳಿದದ್ದು ಮುಂಗೈಯ ಬಲ. ನಾದಿ, ಗುಂಡಗೆ ಮಾಡಿ, ಹಲಗೆಯ ಮೇಲೆ ತಟ್ಟುತ್ತ ತಿರುಗಿಸುವಾಗ ರೊಟ್ಟಿ ತಾನೇ ಸುತ್ತುತ್ತಿದೆ ಎನಿಸುತ್ತದೆ. ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡಕ್ಕೆ ಒರಗಿಸಿದರೆ ಉಬ್ಬುತ್ತದೆ. ಆ ಉಬ್ಬು ಇಳಿಯುವುದರೊಳಗೆ ಬುತ್ತಿ ಬಿಚ್ಚಿದವನೇ ಪುಣ್ಯವಂತ. ಗಿರಣಿಯಿಂದ ಬಂದು ಹದಿನೈದು ದಿನವಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ, ಒಂದು ಬಗೆಯ ಕಹಿಯೂ ಸೇರುತ್ತದೆ. ಹಾಗಾಗಿ ಇಲ್ಲಿ ಜೋಳ ಚೀಲದಲ್ಲಿರುತ್ತದೆ, ಹಿಟ್ಟು ಡಬ್ಬಿಯಲ್ಲಿ ಸ್ವಲ್ಪವೇ ಇರುತ್ತದೆ. ದಪ್ಪ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಖಾರ, ಕುಸುಬಿ ಎಣ್ಣೆ ಹಾಕಿ ಒರಳಲ್ಲಿ ಕುಟ್ಟಿ ಮುಟ್ಟಿಗೆ ಕಟ್ಟಿದರೆ ಮುಟಗಿ. ಆ ಮುಟಗಿ ಕೊಟ್ಟಾಗ ಬ್ಯಾಂಕಿನವರು ಕಣ್ಣಲ್ಲಿ ನೀರು ತಂದುಕೊಂಡರು. ಖಾರಕ್ಕೆ ಅಂದರು.

ರೊಟ್ಟಿಯಲ್ಲಿ ಹಿಟ್ಟು ಮತ್ತು ನೀರು ಮಾತ್ರ. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಪಕ್ಕದ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಬಂದ ಪದ್ಮಶ್ರೀಯನ್ನೂ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಜಿಲ್ಲೆಯೇ ಆಶ್ರಮದ ಕಡೆ ನಡೆದು ಬಂದಿತ್ತು. ಬಿಸಿ ರೊಟ್ಟಿ ಮುರಿಯುವಾಗ ನನಗೆ ಆ ಅಂಗಿ ನೆನಪಾಗುತ್ತದೆ. ಏನನ್ನೂ ಇಟ್ಟುಕೊಳ್ಳಲು ಜಾಗವಿಲ್ಲದ ಉಡುಪು, ಏನನ್ನೂ ಬಚ್ಚಿಟ್ಟುಕೊಳ್ಳದ ತಿನಿಸು.

ಇಷ್ಟೆಲ್ಲ ಬರುವುದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲದಿಂದ, ಅದೂ ಬಂದರೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಹೆಚ್ಚು ಕಡಿಮೆ ಮುಗಿದೇ ಹೋಗಿರುತ್ತದೆ. ಎರೆ ಮಣ್ಣು ಹೊಟ್ಟೆಯಲ್ಲಿಟ್ಟುಕೊಂಡ ತೇವವನ್ನು ನಾಲ್ಕೈದು ಅಡಿ ಆಳದಿಂದ ಬೇರು ಎಳೆದುಕೊಂಡು ಫೆಬ್ರುವರಿವರೆಗೆ ಬದುಕಬೇಕು. ಮಾಲದಂಡಿ ಇದರಲ್ಲಿ ಪಳಗಿದ ತಳಿ. ಅದರಿಂದ ಆಯ್ದ ಎಂ 35-1 ಎಂಬ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಗುರುತಿಸಿದರು. ಎಷ್ಟೋ ಹೊಸ ತಳಿಗಳು ಬಂದು ಹೋದರೂ ರೊಟ್ಟಿಯ ರುಚಿಯಲ್ಲಿ ಅದನ್ನು ಕೆಳಗಿಳಿಸಲು ಆಗಿಲ್ಲ. ಕಲಚುರಿ ಬಿಜ್ಜಳನ ಊರಾದ ಮಂಗಳವೇಡೆಯ ಮಾಲದಂಡಿಗೆ 2016ರಲ್ಲಿ ಭೌಗೋಳಿಕ ಗುರುತೂ ಬಂದಿದೆ. ವಿಜಯಪುರದ ಹಿಟ್ನಳ್ಳಿ ಫಾರ್ಮಿನವರು ಮಳೆನೀರು ಹೊಲದಲ್ಲೇ ಇಂಗಲಿ ಎಂದು ಚೌಕುಮಡಿ ಮಾಡುವುದನ್ನು ಹೇಳಿಕೊಟ್ಟರು. ಜೋಳದ ನಡುವೆ ಅಕ್ಕಡಿ ಸಾಲಾಗಿ ಕಡಲೆ, ಕುಸುಬಿ, ಅಗಸಿ ಬಿತ್ತುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಳ್ಳಿನ ಕುಸುಬಿ ಅಂಚಿಗೆ ನಿಂತರೆ ದನ ಒಳಗೆ ಬರುವುದಿಲ್ಲ. ಎಣ್ಣೆ, ಬೇಳೆ, ಹಿಂಡಿ, ಬೇಲಿ ಎಲ್ಲ ಒಂದೇ ಕೂರಿಗೆಯಿಂದ. ಜತ್ತದಲ್ಲಿ ಹುಟ್ಟಿ ಈ ಜಿಲ್ಲೆಯನ್ನು ಹಾಯುವ ಡೋಣಿಯ ನೀರು ಉಪ್ಪು, ಅದರ ದಂಡೆಯ ಜೋಳ ಮಾತ್ರ ಸಿಹಿ. ಇದನ್ನು ವಿಜ್ಞಾನಿಗಳು ವಿವರಿಸಬಲ್ಲರು. ನಾನು ಎರಡನೆಯ ರೊಟ್ಟಿ ಕೇಳಿದೆ.

ಆಯಿಯ ಹೊಲದ ಮೂರೂ ಕಡೆ ಈಗ ದ್ರಾಕ್ಷಿ. ತಿಕೋಟಾ ಸೀಮೆಯ ಒಣದ್ರಾಕ್ಷಿಯ ಬಗ್ಗೆ ನನಗೆ ಅಸಡ್ಡೆಯಿಲ್ಲ. ಹಸಿರು ಬಲೆಯ ಶೆಡ್ಡಿನಲ್ಲಿ ಹದಿನೈದು ದಿನ ನೆರಳಲ್ಲಿ ಒಣಗಿ, ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗಿ, ತಾಸಗಾಂವದ ಪೇಟೆಗೆ ಹೊರಟು ನಿಂತ ಉದ್ದ ಮಣೂಕವನ್ನು ಬಾಯಲ್ಲಿಟ್ಟುಕೊಂಡರೆ ಬಿಸಿಲೇ ಕರಗಿದ ಹಾಗೆ. ಬರದ ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರ ಎದೆಗಾರಿಕೆಯೂ ದೊಡ್ಡದು. ಈಗ ಕೃಷ್ಣೆಯ ನೀರೂ ಏತದಿಂದ ಹತ್ತಿ ಬಂದಿದೆ. ಹಣ ಬರುವ ಬೆಳೆ ಬಿಟ್ಟು ಜೋಳ ಬಿತ್ತು ಎಂದು ಪಟ್ಟಣದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಆದರೆ ಒಂದು ಮಾತು. ದ್ರಾಕ್ಷಿ ಒಣಗುತ್ತದೆ, ಡಬ್ಬಿ ಸೇರುತ್ತದೆ, ಲಾರಿ ಹತ್ತುತ್ತದೆ. ಅದಕ್ಕೇ ಅದು ಗೆದ್ದಿತು. ಸೀತನಿ ಲಾರಿ ಹತ್ತಲಾರದು. ಇಬ್ಬನಿಯ ಕಡ್ಲಿ ಕುಡಿ, ಬಿತ್ತದೆ ಹುಟ್ಟುವ ಹಕ್ಕರಕಿ, ಉಬ್ಬಿದ ರೊಟ್ಟಿ ಯಾವುದೂ ಹತ್ತಲಾರವು. ಪಯಣ ಮಾಡಲಾರದ ರುಚಿಗೆ ಪೇಟೆಯಲ್ಲಿ ವಕೀಲರಿಲ್ಲ.

ಕಟಕ ರೊಟ್ಟಿ ಪಯಣ ಮಾಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಎಷ್ಟೋ ಮನೆಗಳ ಹೆಣ್ಣುಮಕ್ಕಳು ಅದನ್ನು ತಟ್ಟಿ, ಒಣಗಿಸಿ, ಹಿಂಡಿಯ ಪೊಟ್ಟಣದ ಜೊತೆ ಬೆಂಗಳೂರಿಗೆ ಕಳಿಸಿ ಮಕ್ಕಳ ಫೀ ಕಟ್ಟಿದ್ದಾರೆ. ಅಲ್ಲಿನ ಖಾನಾವಳಿಗಳಲ್ಲಿ ನಮ್ಮ ಹುಡುಗರು ಅದನ್ನೇ ಮುರಿದು ಊರು ನೆನೆಯುತ್ತಾರೆ. ಕಟಕ ರೊಟ್ಟಿ ಊರಿನ ಫೋಟೋ ಇದ್ದ ಹಾಗೆ, ಪರ್ಸಿನಲ್ಲಿ ಇಟ್ಟುಕೊಳ್ಳಲು ಬಹಳ ಒಳ್ಳೆಯದು.

ಪಯಣ ಮಾಡಬಲ್ಲದ್ದು ಇನ್ನೊಂದಿದೆ, ಬೀಜ. ಧಾರವಾಡ ಜಿಲ್ಲೆಯ ಕುಂದಗೋಳ ಎಂದರೆ ಸಂಗೀತದವರಿಗೆ ಸವಾಯಿ ಗಂಧರ್ವರು. ಹುಡುಗ ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತ ಊರು. ಅದೇ ತಾಲ್ಲೂಕಿನ ತೀರ್ಥ ಎಂಬ ಹಳ್ಳಿಯಲ್ಲಿ 2018ರಲ್ಲಿ ಬೀಬಿಜಾನ್ ಹಳೇಮನಿ ಮತ್ತು ಜೊತೆಯ ಹೆಣ್ಣುಮಕ್ಕಳು ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿಕೊಂಡರು. ಅದೂ ಮಳೆ ನಂಬಿದ ಬೇಸಾಯದ ನೆಲವೇ. ಸಹಜ ಸಮೃದ್ಧ ಸಂಸ್ಥೆ ಕೈಜೋಡಿಸಿತು. ಅವರು ಮೊದಲು ಮಾಡಿದ ದೊಡ್ಡ ಕೆಲಸ ನವಣೆ, ಸಾವೆ, ಹಾರಕ, ಊದಲು, ಬರಗಿನಂಥ ಕಾಳುಗಳ ಬೀಜ ಕೂಡಿಸಿ ಬೀಜಬ್ಯಾಂಕು ಮಾಡಿ, ಸುತ್ತಲಿನ ರೈತರಿಗೆ ಹಂಚಿದ್ದು. ಆಮೇಲೆ ಸೌರಶಕ್ತಿಯಲ್ಲಿ ನಡೆಯುವ, ಹೆಣ್ಣುಮಕ್ಕಳೇ ನೋಡಿಕೊಳ್ಳುವ ಸಂಸ್ಕರಣಾ ಘಟಕ ಬಂತು. ಸಾವೆಯ ಸಿಪ್ಪೆ ಬಿಡಿಸುವ ಕಷ್ಟ ಒರಳು-ಒನಕೆ ಹಿಡಿದವರಿಗೇ ಗೊತ್ತು. ಆ ಕಾಳುಗಳು ಅಡುಗೆಮನೆ ಬಿಟ್ಟು ಹೋದದ್ದಕ್ಕೆ ರುಚಿಯ ಕೊರತೆ ಕಾರಣವಾಗಿರಲಿಲ್ಲ, ರಟ್ಟೆ ಸೋತದ್ದು ಕಾರಣ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಜಗತ್ತಿನ ಹತ್ತು ಗುಂಪುಗಳಿಗೆ ಕೊಟ್ಟ ಈಕ್ವೇಟರ್ ಪ್ರಶಸ್ತಿಯಲ್ಲಿ ಒಂದು ಈ ತೀರ್ಥದ ಸಂಘಕ್ಕೆ ಬಂತು.

ಸುದ್ದಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಪ್ರಶಸ್ತಿ ಫಲಕವಲ್ಲ, ಬೀಜ ಅಳೆಯುವ ಪಾವು. ರುಚಿ ತಾನು ಹುಟ್ಟಿದ ಹೊಲದಲ್ಲೇ ಸಾಯುತ್ತದೆ. ಅದರ ಬೀಜ ಇನ್ನೊಂದು ಹೊಲಕ್ಕೆ ಹೋಗಿ ಅಲ್ಲಿ ಮತ್ತೆ ಎಂಟು ದಿನ ಬದುಕುತ್ತದೆ. ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಅವನಿಗಾಗಿ ತಲೆ ಕೊಡಬೇಕಾದ ಋಣ. ಅನ್ನದ ಋಣಕ್ಕೆ ಕನ್ನಡಿಗ ಇಟ್ಟ ಹೆಸರು ಜೋಳದ್ದು. ಆಯಿಯ ಹೊಲದಲ್ಲಿ ನಾಲ್ಕು ಹಿಡಿ ಸೀತನಿ ತಿಂದ ನನ್ನ ಮೇಲೆ ಎಷ್ಟು ಋಣ ಎಂದು ಲೆಕ್ಕ ಹಾಕಿದೆ. ತಲೆಯೇನೂ ಅವಳಿಗೆ ಬೇಕಾಗಿರಲಿಲ್ಲ.

ಅವಳ ಅಂಗಳದಲ್ಲಿ ಹಗೇವು ಇದ್ದ ಜಾಗ ತೋರಿಸಿದಳು. ನೆಲದೊಳಗೆ ಬಾವಿಯ ಹಾಗೆ ತೋಡಿ, ಒಳಗೋಡೆಗೆ ಜೋಳದ ದಂಟು-ಹುಲ್ಲು ಹೊದಿಸಿ, ವರ್ಷಗಟ್ಟಲೆ ಜೋಳ ಕಾಯ್ದಿಡುತ್ತಿದ್ದ ಕಣಜ. ತೆರೆದ ಕೂಡಲೇ ಇಳಿಯುವ ಹಾಗಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತಿತ್ತು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಅದನ್ನೀಗ ಮುಚ್ಚಿ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ‘ಬರಗಾಲದಾಗ ಇದs ನಮ್ಮ ಬ್ಯಾಂಕ ಇತ್ತು ನೋಡ್ರಿ’ ಎಂದು ಅವಳು ಬ್ಯಾಂಕಿನವರ ಕಡೆ ತಿರುಗಿ ಹೇಳಿದಳು. ಅವರು ಗಂಭೀರವಾಗಿ ತಲೆಯಾಡಿಸಿದರು.

ಹೊರಡುವಾಗ ಆಯಿ ಒಳಗೆ ಹೋಗಿ ಜಂತಿಗೆ ತೂಗುಬಿಟ್ಟಿದ್ದ ಹೋದ ವರ್ಷದ ಸಕ್ಕರಿ-ಮುಕ್ಕರಿ ತೆನೆಯೊಂದನ್ನು ಬಿಚ್ಚಿದಳು. ಒಲೆಯ ಹೊಗೆ ಕುಡಿದು ಕಂದಾಗಿದ್ದ ತೆನೆ. ಹೊಗೆಗೆ ಹುಳ ಹತ್ತುವುದಿಲ್ಲ. ಅಂಗೈಯಲ್ಲಿ ತಿಕ್ಕಿ ಒಂದು ಹಿಡಿ ಕಾಳು ನನ್ನ ಕರವಸ್ತ್ರದ ತುದಿಗೆ ಗಂಟು ಹಾಕಿಕೊಟ್ಟಳು. ನನಗೆ ಹೊಲವಿಲ್ಲ, ಮಾಳಿಗೆ ಮಾತ್ರ ಇದೆ ಎಂದೆ. ‘ಮಾಳಿಗಿ ಮ್ಯಾಲ ಮಣ್ಣ ಹಾಕ್ರಿ’ ಎಂದಳು. ಜೊತೆಗೆ ಮನೆಗೆಂದು ಕಟ್ಟಿಕೊಟ್ಟ ಸೀತನಿ ವಿಜಯಪುರ ಮುಟ್ಟುವುದರೊಳಗೆ, ಅವಳು ಹೇಳಿದ ಹಾಗೆಯೇ, ತಣ್ಣಗಾಗಿ ಬಿರುಸಾಗಿತ್ತು. ಮನೆಯವರು ಒಂದು ಹಿಡಿ ತಿಂದು ‘ಛಲೋ ಅದ’ ಎಂದರು, ಎರಡನೆಯ ಹಿಡಿಗೆ ಕೈ ಹಾಕಲಿಲ್ಲ.

ಕಾಳನ್ನು ಮುಂದಿನ ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಎರಡು ಹಳೆಯ ಬಣ್ಣದ ಡಬ್ಬಿಗಳಲ್ಲಿ ಬಿತ್ತಿದೆ. ಎದ್ದ ಗಿಡಗಳಲ್ಲಿ ಎಂಟು ತೆನೆ ಬಂದವು. ಐದನ್ನು ಗುಬ್ಬಿಗಳು ಹಾಲಿನ ಹದದಲ್ಲೇ ಹೀರಿದವು. ಹದ ನಮಗಿಂತ ಅವಕ್ಕೆ ಚೆನ್ನಾಗಿ ಗೊತ್ತು. ಉಳಿದ ಮೂರಕ್ಕೆ ಹಳೆಯ ಸೀರೆಯ ಚೂರು ಸುತ್ತಿದ್ದೇನೆ. ದಿನಾ ಬೆಳಿಗ್ಗೆ ಮೇಲೆ ಹೋಗಿ ಉಗುರಿನಿಂದ ಒಂದು ಕಾಳು ಒತ್ತಿ ನೋಡುತ್ತೇನೆ. ಈ ಕಾಲೊನಿಯಲ್ಲಿ ಕುಳ್ಳು ಎಲ್ಲಿ ಸಿಗುತ್ತದೆ ಎಂಬ ವಿಚಾರ ಮನೆಯಲ್ಲಿ ನಡೆದಿದೆ.